ಬೆಲ್ಟ್ ಹೊಸದು, ಪಾಠ ಹಳೇದು

ಮಾನ್ಯ ಸಂಪಾದಕರೇ,

ನಾನೊಬ್ಬ ಗಾರೆ ಮೇಸ್ತ್ರಿ. ಊರು ಸುರಪುರದ ಕಡೆ. 1993ರಲ್ಲಿ ಬೆಂಗಳೂರಿಗೆ ಬಂದೆ. ಮೊದಲು ಬಾಂಡ್ಲಿ ಹೊತ್ತೆ, ಆಮೇಲೆ ಕರಣೆ ಹಿಡಿದೆ, ಈಗ ಹನ್ನೆರಡು ಜನರ ಗ್ಯಾಂಗ್ ಇಟ್ಟುಕೊಂಡಿದ್ದೇನೆ. ನಿಮ್ಮ ಪತ್ರಿಕೆಯನ್ನು ಸೈಟಿನ ಎದುರಿನ ಟೀ ಅಂಗಡಿಯಲ್ಲಿ ಓದುತ್ತೇನೆ. ಓದುವುದಕ್ಕೆ ತೊಂದರೆಯಿಲ್ಲ, ಆದರೆ ಇಷ್ಟುದ್ದ ಬರೆಯಲು ಕೈ ಓಡುವುದಿಲ್ಲ. ಹಾಗಾಗಿ ನಾನು ಹೇಳಿದ್ದನ್ನು ಮಗಳು ಟೈಪ್ ಮಾಡಿದ್ದಾಳೆ. ಅವಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ನಡುನಡುವೆ ಅವಳ ಮಾತೂ ಒಂದೆರಡು ನುಸುಳಿವೆ, ಇರಲಿ ಅಂತ ಬಿಟ್ಟಿದ್ದೇನೆ.

ಕಟ್ಟಡವೇ ಕುಸಿದರೆ ಮುಖಪುಟದಲ್ಲಿ ಬರುತ್ತೆ. 2019ರ ಮಾರ್ಚ್‌ನಲ್ಲಿ ಧಾರವಾಡದ್ದು ಬಂತು, 2024ರ ಅಕ್ಟೋಬರ್‌ನಲ್ಲಿ ಇಲ್ಲೇ ಬಾಬುಸಾಪಾಳ್ಯದ್ದು ಬಂತು. ಒಬ್ಬನೇ ಬಿದ್ದು ಸತ್ತರೆ ಒಳಪುಟದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತೆ: ಸುರಕ್ಷತಾ ಸಲಕರಣೆ ಕೊಟ್ಟಿರಲಿಲ್ಲ. ನಾನು ಈ ಪತ್ರ ಬರೆಸುತ್ತಿರುವುದು ಆ ಮಾತಿನ ಬಗ್ಗೆಯೇ. ನಮ್ಮ ಹುಡುಗನಿಗೆ ಸಲಕರಣೆ ಕೊಟ್ಟಿದ್ದರು. ಹೊಸದು, ಕವರ್ ಬಿಚ್ಚಿ ಕೊಟ್ಟಿದ್ದರು. ಆದರೂ ಬಿದ್ದ.

ಎರಡು ವರ್ಷದ ಹಿಂದಿನ ಮಾತು, ಮಳೆಗಾಲ. ಮೂರಂತಸ್ತಿನ ಮನೆ, ಹೊರಗಡೆಯ ಪ್ಲಾಸ್ಟರಿಂಗ್ ನಡೆದಿತ್ತು. ಓನರ್ ಒಳ್ಳೆಯವರು. ಭುಜ, ಎದೆ, ತೊಡೆ ಎಲ್ಲವನ್ನೂ ಸುತ್ತುವಂಥ ಬೆಲ್ಟ್ ನಾಲ್ಕು ತರಿಸಿಕೊಟ್ಟಿದ್ದರು. ಬೆನ್ನಿನ ಕಡೆ ಒಂದು ಬಳೆ, ಅದಕ್ಕೊಂದು ಹಗ್ಗ, ಹಗ್ಗದ ಬುಡದಲ್ಲಿ ಹೊಲಿದು ಮಡಚಿಟ್ಟ ದಪ್ಪ ಪಟ್ಟಿ, ತುದಿಯಲ್ಲಿ ಹುಕ್. ಅಕ್ಕನ ಮಗ ಆಗ ಇಪ್ಪತ್ತಮೂರರ ಹುಡುಗ. ಬೆಲ್ಟ್ ಹಾಕಿಕೊಂಡು ಸಾರವೆ ಮೇಲೆ ನಿಂತು ಕೇಳಿದ, "ಮಾವ, ಹುಕ್ ಎಲ್ಲಿ ಹಾಕ್ಲಿ?" ನಾನು ಕೆಳಗಿನಿಂದಲೇ ಕೂಗಿದೆ, "ಕಾಲ್ ಹತ್ರ ಪೈಪ್ ಐತಲ್ಲ, ಅದಕ್ಕ ಹಾಕು. ಕೈಗೆ ಅಡ್ಡ ಬರಂಗಿಲ್ಲ."

ನನಗೆ ಹಾಗೇ ಹೇಳಿಕೊಟ್ಟಿದ್ದರು. 2011ರಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ಒಂದು ದಿನದ ತರಬೇತಿ ಆಗಿತ್ತು. ಆಗ ನಮಗೆ ಕೊಟ್ಟಿದ್ದು ಸೊಂಟಕ್ಕೆ ಕಟ್ಟುವ ಬೆಲ್ಟ್. ಹಗ್ಗವನ್ನು ಗಟ್ಟಿಯಾದ ಯಾವುದಕ್ಕಾದರೂ ಸಿಗಿಸಿ ಅಂದರು. ಫೋಟೊ ತೆಗೆದರು. ಬಾಳೆಹಣ್ಣು, ಬಿಸ್ಕತ್ತು ಕೊಟ್ಟರು. ಸಾಯಂಕಾಲ ಸರ್ಟಿಫಿಕೇಟ್ ಕೈಗಿಟ್ಟರು. ಅದನ್ನು ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಆಮೇಲೆ ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ಕರೆದು, ಮೇಸ್ತ್ರಿ, ನಿನ್ನ ಪಾಠ ಹಳೇದಾಗಿದೆ ಅಂತ ಹೇಳಲಿಲ್ಲ. ಆ ಒಂದು ದಿನದ ಪಾಠವನ್ನೇ ನಾನು ನನ್ನ ಕೈಕೆಳಗಿನ ಎಲ್ಲರಿಗೂ ಹಂಚುತ್ತಾ ಬಂದೆ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಹಲಗೆ ಒದ್ದೆ. ಅದನ್ನು ಪೈಪಿಗೆ ಬಿಗಿದು ಕಟ್ಟಿರಲಿಲ್ಲ, ಅದೂ ನನ್ನ ತಪ್ಪೇ. ಹುಡುಗ ನಿಂತಿದ್ದ ಜಾಗ ನೆಲದಿಂದ 14 ಅಡಿ. ಹಲಗೆ ಜಾರಿತು. ಹಗ್ಗ ಬಿಗಿಯಿತು, ಹೊಲಿದ ಪಟ್ಟಿ ಚರ್ರಂತ ಬಿಚ್ಚಿಕೊಂಡಿತು. ಬೀಳುವ ಏಟು ಮೈಗೆ ತಾಗದ ಹಾಗೆ ಅದು ಬಿಚ್ಚಿಕೊಳ್ಳಲೆಂದೇ ಮಾಡಿದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ಅದು ಪೂರ್ತಿ ಬಿಚ್ಚಿಕೊಂಡು ಅವನನ್ನು ಹಿಡಿದು ನಿಲ್ಲಿಸುವ ಮೊದಲೇ ಅವನ ಕಾಲು ನೆಲಕ್ಕೆ ಬಡಿದಿತ್ತು. ಎರಡೂ ಹಿಮ್ಮಡಿಯ ಮೂಳೆ ಒಡೆದವು. ಆಟೊದಲ್ಲಿ ಆಸ್ಪತ್ರೆಗೆ ಹೋಗುವಾಗ ಅಳುತ್ತಿರಲಿಲ್ಲ. ನನ್ನ ಮುಖ ನೋಡುತ್ತಾ ಒಂದೇ ಮಾತು ಕೇಳುತ್ತಿದ್ದ, "ಮಾವ, ಬೆಲ್ಟ್ ಹಾಕ್ಕೊಂಡಿದ್ನೆಲ್ಲ?"

ಐದು ತಿಂಗಳು ಮನೆಯಲ್ಲಿ ಕೂತ. ಅಕ್ಕನಿಗೆ ನಾನು ಏನು ಹೇಳಿದೆ, ಅವಳು ನನಗೆ ಏನು ಹೇಳಿದಳು, ಅದು ಇಲ್ಲಿ ಬೇಡ.

ಮುಂದಿನ ವರ್ಷ ವೈಟ್‌ಫೀಲ್ಡ್ ಕಡೆ ಒಂದು ದೊಡ್ಡ ಸೈಟಿನಲ್ಲಿ ಪ್ಲಾಸ್ಟರಿಂಗ್ ಸಬ್ ಕಾಂಟ್ರಾಕ್ಟ್ ಸಿಕ್ಕಿತು. ಅಲ್ಲಿ ಹೈಟ್ ಪಾಸ್ ಇಲ್ಲದೆ ಮೇಲೆ ಬಿಡುವುದಿಲ್ಲ. ಬಿಪಿ ನೋಡುತ್ತಾರೆ, ನೆಲದಿಂದ ಸ್ವಲ್ಪವೇ ಎತ್ತರದ ಕಿರಿದಾದ ಹಲಗೆ ಮೇಲೆ ನಡೆಸಿ ತಲೆ ಸುತ್ತುತ್ತಾ ಅಂತ ಪರೀಕ್ಷೆ ಮಾಡುತ್ತಾರೆ. ಆಮೇಲೆ ಪಾಠ. ಹೇಳಿಕೊಟ್ಟಿದ್ದು ನನ್ನ ಮಗನ ವಯಸ್ಸಿನ ಹುಡುಗ. ಪ್ಲೈವುಡ್ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದ. ಹಗ್ಗ 6 ಅಡಿ. ಹೊಲಿದ ಪಟ್ಟಿ ಪೂರ್ತಿ ಬಿಚ್ಚಿಕೊಂಡರೆ ಇನ್ನೂ ಹೆಚ್ಚುಕಡಿಮೆ ಅಷ್ಟೇ. ಬೆನ್ನಿನ ಬಳೆಯಿಂದ ಪಾದದವರೆಗೆ 5 ಅಡಿ. ಕೆಳಗೆ ಮೂರಡಿಯಾದರೂ ಖಾಲಿ ಉಳಿಯಬೇಕು. ಕೂಡಿ ನೋಡಿ ಅಂದ. 20 ಅಡಿ! ಹುಕ್ ಹಾಕಿದ ಜಾಗದ ಕೆಳಗೆ ಅಷ್ಟು ಜಾಗ ಇಲ್ಲದಿದ್ದರೆ ಈ ಹಗ್ಗವನ್ನು ನಂಬಬೇಡಿ ಅಂದ. ಹುಕ್ ಯಾವಾಗಲೂ ತಲೆಗಿಂತ ಮೇಲಿರಲಿ, ಆಗ ಬೀಳುವ ದೂರವೇ ಕಡಿಮೆ. ಕಾಲ ಹತ್ತಿರ ಹಾಕಿದರೆ ಹಗ್ಗ ಬಿಗಿಯುವ ಮೊದಲೇ ಆಳೆತ್ತರಕ್ಕಿಂತ ಜಾಸ್ತಿ ಬಿದ್ದಿರುತ್ತೀರಿ. ಜಾಗ ಕಡಿಮೆ ಇರುವ ಕಡೆ ಕಾರಿನ ಸೀಟ್ ಬೆಲ್ಟ್ ಥರ ತಕ್ಷಣ ಹಿಡಿದುಕೊಳ್ಳುವ ಬ್ಲಾಕ್ ಬರುತ್ತೆ, ಅದನ್ನು ಕೇಳಿ. ಎಲ್ಲಕ್ಕಿಂತ ಮೊದಲು ಸಾರವೆಗೆ ಕೈಹಿಡಿ ಪೈಪ್ ಇದೆಯಾ ನೋಡಿ, ಬೀಳದ ಹಾಗೆ ಮಾಡಿಕೊಂಡರೆ ಬೆಲ್ಟಿಗೆ ಕೆಲಸವೇ ಇರುವುದಿಲ್ಲ.

ನಾನು ಹಿಂದಿನ ಸಾಲಿನಲ್ಲಿ ಕೂತು 20ರಿಂದ 14 ಕಳೆಯುತ್ತಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು, ನಾಚಿಕೆಯಾದರೂ ಸರಿ. ಹುಡುಗ ಬಿದ್ದ ಮೇಲೆ ಆ ಬೆಲ್ಟನ್ನು ನಾನು ಎಸೆಯಲಿಲ್ಲ. ದುಡ್ಡಿನ ವಸ್ತು ಅಲ್ವಾ? ಬಿಚ್ಚಿಕೊಂಡಿದ್ದ ಪಟ್ಟಿಯನ್ನು ಟೈಲರ್ ಹತ್ತಿರ ಒಯ್ದು ಹೊಲಿಸಿದೆ. ಪಾಪ, ಅವನು ಬಲು ಅಂದವಾಗಿ, ಎರಡು ಸಾಲು ಗಟ್ಟಿ ದಾರದಲ್ಲಿ ಹೊಲಿದುಕೊಟ್ಟ. ಅದನ್ನು ಇನ್ನೊಬ್ಬ ಹುಡುಗನಿಗೆ ಹಾಕಿ ಎಂಟು ದಿನ ಮೇಲೆ ನಿಲ್ಲಿಸಿದೆ. ಒಮ್ಮೆ ಬಿದ್ದವನನ್ನು ಹಿಡಿದ ಬೆಲ್ಟನ್ನು ಮತ್ತೆ ಬಳಸಬಾರದು, ಕತ್ತರಿಸಿ ಎಸೆಯಬೇಕು ಅಂತ ಆ ಪ್ಲೈವುಡ್ ಮುಂದೆ ಕೂತಾಗಲೇ ನನಗೆ ತಿಳಿದದ್ದು. ಟೈಲರ್ ಹೊಲಿಗೆ ಬಿಚ್ಚುತ್ತಲೇ ಇರಲಿಲ್ಲ. ಹುಡುಗ ಬಿದ್ದಿದ್ದರೆ ಅಷ್ಟೂ ಏಟು ಅವನ ಮೈಗೇ ಬೀಳುತ್ತಿತ್ತು. ಈಗಲೂ ನೆನೆಸಿಕೊಂಡರೆ ಬೆವರುತ್ತೇನೆ.

ಸಂಪಾದಕರೇ, ನಾನು ಕಲಿಯದವನಲ್ಲ. ಕಲಿತಿದ್ದೆ. ಅದೇ ತೊಂದರೆಯಾಗಿದ್ದು. ಏನೂ ಗೊತ್ತಿಲ್ಲದವನು ಹೆದರಿಕೊಂಡು ಪಕ್ಕದವನನ್ನು ಕೇಳುತ್ತಾನೆ. ನನ್ನ ಹತ್ತಿರ ಸರ್ಟಿಫಿಕೇಟ್ ಇತ್ತು, ಯಾರನ್ನು ಕೇಳಲಿ?

ನಮ್ಮ ಕೆಲಸವೇ ಬದಲಾಗಿಬಿಟ್ಟಿದೆ. ನಾನು ಬಂದಾಗ ಸರ್ವೆ ಕಂಬ, ತೆಂಗಿನ ನಾರಿನ ಹಗ್ಗದ ಸಾರವೆ. ಕಂಬದ ಬುಡ ಕೊಳೆತಿದೆಯಾ ಅಂತ ಚೂಪು ಕಬ್ಬಿಣದಲ್ಲಿ ಚುಚ್ಚಿ ನೋಡುತ್ತಿದ್ದೆವು. ಗಂಟನ್ನು ಕೈಯಲ್ಲಿ ಎಳೆದೇ ಗಟ್ಟಿ ಇದೆಯೋ ಇಲ್ಲವೋ ಹೇಳುತ್ತಿದ್ದೆವು. ಈಗ ಕಬ್ಬಿಣದ ಕಪ್ ಲಾಕ್, ಅಂದರೆ ಪೈಪುಗಳನ್ನು ಕಪ್ಪಿನಲ್ಲಿ ಸಿಗಿಸಿ ಬಿಗಿಯುವ ಸಾರವೆ. ಅಲ್ಲಿ ಗಂಟಿಲ್ಲ. ನೋಡಬೇಕಾದ್ದು ಬೇರೆ: ಕಾಲಿನ ಕೆಳಗೆ ಪ್ಲೇಟ್ ಇದೆಯಾ, ಪ್ಲೇಟಿನ ಕೆಳಗಿನ ಮಣ್ಣು ಮಳೆಗೆ ಕುಸಿದಿದೆಯಾ, ಅಡ್ಡಮೂಲೆಯ ಪೈಪ್ ಹಾಕಿದ್ದಾರಾ, ಕಪ್ ಪೂರ್ತಿ ತಿರುಗಿಸಿ ಬಿಗಿದಿದ್ದಾರಾ, ಸಾರವೆಯನ್ನು ಗೋಡೆಗೆ ಹಿಡಿದು ಕಟ್ಟಿದ್ದಾರಾ. ಹಳೇ ಮೇಸ್ತ್ರಿಗಳು ಇವತ್ತಿಗೂ ಕಬ್ಬಿಣದ ಸಾರವೆಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಗಟ್ಟಿಯಿದೆ ಹತ್ತು ಅನ್ನುತ್ತಾರೆ. ನಾನೂ ಅಂದಿದ್ದೇನೆ.

ಆಮೇಲೆ ತೂತುಗಳು. ಮೋಲ್ಡ್ ಹಾಕುವಾಗ ಪೈಪಿಗೆ, ಡಕ್ಟಿಗೆ ಅಂತ ಜಾಗ ಬಿಟ್ಟಿರುತ್ತಾರೆ. ಅದರ ಮೇಲೆ ಒಂದು ಪ್ಲೈವುಡ್ ಹಾಳೆ ಮುಚ್ಚಿಟ್ಟಿರುತ್ತಾರೆ. ಸಾಯಂಕಾಲ ಸಾಮಾನು ಎತ್ತಿಡುವ ಹುಡುಗ ಅದನ್ನು ಸುಮ್ನೆ ಬಿದ್ದಿರುವ ಹಾಳೆ ಅಂದುಕೊಳ್ಳುತ್ತಾನೆ. ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತುತ್ತಾನೆ. ಹಾಳೆ ಅಡ್ಡ ಬಂದು ಕಾಲು ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಅವನು ಮುಚ್ಚಳ ತೆಗೆದ ತೂತೇ ಕಾದಿರುತ್ತೆ. ಇದನ್ನು ನಮ್ಮ ಕಸುಬಿನಲ್ಲಿ ಎಲ್ಲರೂ ಒಮ್ಮೆಯಾದರೂ ಕೇಳಿದ್ದಾರೆ. ಹಾಳೆಗೆ ಮೊಳೆ ಹೊಡೆದು, ಕೆಂಪು ಬಣ್ಣದಲ್ಲಿ "ಕೆಳಗೆ ಗುಂಡಿ" ಅಂತ ಬರೆದರೆ ಸಾಕು, ಐದು ನಿಮಿಷದ ಕೆಲಸ. ಆದರೆ ಈ ತೂತು ಮೊನ್ನೆ ಇರಲಿಲ್ಲ, ಇವತ್ತಿದೆ. ಹೋದ ವರ್ಷ ಕೊಟ್ಟ ತರಬೇತಿಯಲ್ಲಿ ಇವತ್ತಿನ ತೂತಿನ ಜಾಗ ಹೇಗೆ ಇರುತ್ತೆ ಹೇಳಿ?

ಹೆಣ್ಣುಮಕ್ಕಳ ವಿಷಯ ಯಾರೂ ಎತ್ತುವುದಿಲ್ಲ. ನಮ್ಮ ಗ್ಯಾಂಗಿನಲ್ಲಿ ನಾಲ್ವರು ಹೆಂಗಸರಿದ್ದಾರೆ. ಸೀರೆ, ಮೇಲೊಂದು ಗಂಡನ ಹಳೇ ಅಂಗಿ. ಲೆಕ್ಕದಲ್ಲಿ ಅವರು ಹೆಲ್ಪರ್‌ಗಳು, ಎತ್ತರದ ಕೆಲಸದವರಲ್ಲ. ಹಾಗಾಗಿ ತರಬೇತಿಗೆ ಕರೆಯುವುದಿಲ್ಲ. ಆದರೆ ತಲೆ ಮೇಲೆ ಬಾಂಡ್ಲಿ ಇಟ್ಟುಕೊಂಡು ಕೈಹಿಡಿ ಇಲ್ಲದ ಮೆಟ್ಟಿಲಲ್ಲಿ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾರೆ? ನನ್ನ ಲೆಕ್ಕಕ್ಕೆ ಸಿಗುವುದಿಲ್ಲ. ಬೆಲ್ಟ್ ಕೊಟ್ಟರೂ ತೊಡೆಯ ಪಟ್ಟಿಯನ್ನು ಸೀರೆ ಮೇಲೆ ಹಾಕುವುದು ಹೇಗೆ? ವೈಟ್‌ಫೀಲ್ಡ್ ಸೈಟಿನಲ್ಲಿ ನಮ್ಮ ಒಬ್ಬಾಕೆ ಎದ್ದು ನಿಂತು ಇದನ್ನೇ ಕೇಳಿದಳು. ಪಾಠ ಹೇಳುತ್ತಿದ್ದ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಕ್ಕ ಅಂತಲೇ ಹೇಳಿದ, ಅದು ನನಗೆ ಹಿಡಿಸಿತು. ಮರುವಾರ ಆಕೆ ಪ್ಯಾಂಟು ಹಾಕಿಕೊಂಡು ಬಂದಳು. ಎರಡು ದಿನ ಎಲ್ಲರೂ ನಕ್ಕರು, ಮೂರನೇ ದಿನ ಇನ್ನೊಬ್ಬಳೂ ಹಾಕಿಕೊಂಡು ಬಂದಳು.

ಭಾಷೆಯೂ ಹಾಗೇ. ಸೆಂಟ್ರಿಂಗ್‌ನವರು ಬಿಹಾರ, ಜಾರ್ಖಂಡ್ ಕಡೆಯವರು. ಬಾರ್ ಬೆಂಡಿಂಗ್‌ಗೆ ಒಡಿಶಾ, ಬಂಗಾಳದವರು. ಗಾರೆಗೆ ರಾಯಚೂರು, ಯಾದಗಿರಿ, ಕಲಬುರಗಿಯವರು. ಪಾಠ ಇಂಗ್ಲಿಷ್ ಸ್ಲೈಡಿನಲ್ಲಿ ಇರುತ್ತೆ, ಸಹಿ ಮಾತ್ರ ಎಲ್ಲರದೂ.

ಮಗಳು ಒಂದು ವಿಷಯ ಹುಡುಕಿ ಹೇಳಿದಳು. ಅಮೆರಿಕದ ನಿಯಮದಲ್ಲಿ ಬೀಳುವ ಅಪಾಯದ ತರಬೇತಿಯನ್ನು ಇಷ್ಟು ವರ್ಷಕ್ಕೊಮ್ಮೆ ಕೊಡಿ ಅಂತ ಇಲ್ಲವಂತೆ. ಕೆಲಸದ ಜಾಗ ಬದಲಾಗಿ ಹಳೇ ಪಾಠ ಸಾಲದಾದರೆ ಮತ್ತೆ ಕಲಿಸಬೇಕು. ಸಲಕರಣೆ ಬದಲಾದರೆ ಮತ್ತೆ ಕಲಿಸಬೇಕು. ಕೆಲಸಗಾರ ನಡೆದುಕೊಳ್ಳುವ ರೀತಿ ನೋಡಿದರೆ ಕಲಿತಿದ್ದು ತಲೆಯಲ್ಲಿ ನಿಂತಿಲ್ಲ ಅನ್ನಿಸಿದರೆ ಮತ್ತೆ ಕಲಿಸಬೇಕು. ನನಗೆ ಇದು ಬಹಳ ಸರಿ ಅನ್ನಿಸಿತು. ವರ್ಷದ ಲೆಕ್ಕ ಡ್ರೈವಿಂಗ್ ಲೈಸೆನ್ಸಿಗೆ ಸರಿ. ನಮ್ಮ ಕೆಲಸ ಮಾಳಿಗೆ ಮಾಳಿಗೆಗೂ ಬದಲಾಗುತ್ತೆ. ಪಾಯದಲ್ಲಿ ಕಲಿತಿದ್ದು ಪ್ಯಾರಾಪೆಟ್‌ಗೆ ಸಾಲುವುದಿಲ್ಲ. ಸೊಂಟದ ಬೆಲ್ಟ್ ಹೋಗಿ ಮೈತುಂಬಾ ಹಾಕುವ ಬೆಲ್ಟ್ ಬಂದ ದಿನವೇ ನನ್ನ ಸರ್ಟಿಫಿಕೇಟ್ ರದ್ದಾಗಬೇಕಿತ್ತು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂತು, ರಾಜ್ಯದ ನಿಯಮ 2006ರಲ್ಲಿ ಬಂತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೊದಲು 500 ಜನ ಇರುವ ಸೈಟಿಗೆ ಸುರಕ್ಷತಾ ಅಧಿಕಾರಿ ಬೇಕಿತ್ತು, ಹೊಸದರಲ್ಲಿ ಅದನ್ನು 250ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ಹನ್ನೆರಡು ಜನಕ್ಕೆ ಯಾರು? ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟುವ ಕಡೆ ಅಧಿಕಾರಿ, ಇಂಜಿನಿಯರ್, ಸೇಫ್ಟಿ, ಡಾಕ್ಟರ್ ಎಲ್ಲವೂ ಮೇಸ್ತ್ರಿಯೇ. ಆ ಮೇಸ್ತ್ರಿಗೆ ಮೊದಲು ಪಾಠ ಆಗಬೇಕು.

ದುಡ್ಡಿಲ್ಲ ಅನ್ನುವಂತೆಯೂ ಇಲ್ಲ. ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ಹಾಕಿ ವಸೂಲಿ ಮಾಡುತ್ತಾರೆ, ಅದು ಕಲ್ಯಾಣ ಮಂಡಳಿಗೆ ಹೋಗುತ್ತೆ. ಮಂಡಳಿಯಲ್ಲಿ "ಶ್ರಮ ಸಾಮರ್ಥ್ಯ" ಅಂತ ತರಬೇತಿ ಕೊಟ್ಟು ಟೂಲ್ ಕಿಟ್ ಕೊಡುವ ಯೋಜನೆಯೂ ಇದೆ. ನಮ್ಮಲ್ಲಿ ಜನ ಕಿಟ್ ಬಗ್ಗೆ ಕೇಳುತ್ತಾರೆ, ತರಬೇತಿ ಬಗ್ಗೆ ಕೇಳುವುದಿಲ್ಲ. ಅದು ನಮ್ಮ ತಪ್ಪು. ಲೇಬರ್ ಕಾರ್ಡಿಗೆ ಹೋದರೆ 90 ದಿನ ಕೆಲಸ ಮಾಡಿದ ಪತ್ರ ಕೇಳುತ್ತಾರೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೇಳುತ್ತಾರೆ. ಕೊನೆಯ ಸಲ ಬೆಲ್ಟಿನ ಪಾಠ ಯಾವಾಗ ಆಯಿತು ಅಂತ ಒಬ್ಬರೂ ನನ್ನನ್ನು ಕೇಳಿಲ್ಲ. ಕಾರ್ಡಿನಲ್ಲಿ ಅದಕ್ಕೊಂದು ಕಾಲಂ ಇರಲಿ. ತಾರೀಖು, ಯಾವ ಸಲಕರಣೆ ಮೇಲೆ ಕಲಿತ, ಯಾವ ಭಾಷೆಯಲ್ಲಿ ಕಲಿತ, ಮೂರೇ ವಿಷಯ. ಕಾರ್ಡ್ ರಿನ್ಯೂವಲ್‌ಗೆ ಬಂದವನನ್ನು ಅರ್ಧ ದಿನ ಕೂರಿಸಿ, ಬೆಲ್ಟ್ ತೊಡಿಸಿ, ನಾಲ್ಕಡಿ ಎತ್ತರದಲ್ಲಿ ನಿಲ್ಲಿಸಿ ಹುಕ್ ಹಾಕಿಸಿ. ಆ ಅರ್ಧ ದಿನದ ಕೂಲಿಯನ್ನು ಸೆಸ್ ದುಡ್ಡಿನಲ್ಲೇ ಕೊಡಿ. ಕೂಲಿ ಕಳೆದುಕೊಂಡು ಯಾರೂ ಬರುವುದಿಲ್ಲ. ಶನಿವಾರ ಬಟವಾಡೆ, ಅದರಲ್ಲಿ ಅರ್ಧ ದಿನ ಕಡಿಮೆಯಾದರೆ ಮನೆಯಲ್ಲಿ ಹೇಳಬೇಕಾಗುತ್ತೆ.

ಕಾಂಟ್ರಾಕ್ಟರ್‌ಗಳು ಹೇಳುವುದೂ ನನಗೆ ಗೊತ್ತು. ಇವತ್ತು ಇದ್ದವನು ನಾಳೆ ಐವತ್ತು ರೂಪಾಯಿ ಜಾಸ್ತಿ ಸಿಕ್ಕರೆ ಬೇರೆ ಸೈಟಿಗೆ ಹೋಗುತ್ತಾನೆ, ಇವನಿಗೆ ಎಷ್ಟು ಸಲ ಕಲಿಸಲಿ ಅನ್ನುತ್ತಾರೆ. ಸುಳ್ಳಲ್ಲ. ನಮ್ಮವರೂ ಕಡಿಮೆಯಿಲ್ಲ. ಇಂಜಿನಿಯರ್ ಬೈಕಿನ ಸದ್ದು ಕೇಳಿದಾಗ ಬೆಲ್ಟ್ ಹಾಕುತ್ತಾರೆ, ಹೋದ ಮೇಲೆ ತೆಗೆದು ಪೈಪಿಗೆ ನೇತುಹಾಕುತ್ತಾರೆ. ಹೆಲ್ಮೆಟ್ಟಿನ ಗದ್ದದ ಪಟ್ಟಿ ಬಿಗಿಯುವುದಿಲ್ಲ. ಮನುಷ್ಯ ಬಿದ್ದರೆ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತೆ. ಇದಕ್ಕೆ ನಾನು ಬೈದು ನೋಡಿದ್ದೇನೆ, ಕೂಲಿ ಹಿಡಿದು ನೋಡಿದ್ದೇನೆ. ಯಾವುದೂ ಹತ್ತು ದಿನಕ್ಕಿಂತ ಹೆಚ್ಚು ನಡೆಯಲಿಲ್ಲ.

ಈಗ ಸೋಮವಾರ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಕಾಲು ಗಂಟೆ ಎಲ್ಲರನ್ನೂ ನಿಲ್ಲಿಸುತ್ತೇನೆ. ಭಾಷಣ ಇಲ್ಲ. ಒಬ್ಬನಿಗೆ ಗುಟ್ಟಾಗಿ ಹೇಳಿ ಬೆಲ್ಟನ್ನು ಬೇಕಂತಲೇ ತಪ್ಪಾಗಿ ಹಾಕಿಸುತ್ತೇನೆ. ತೊಡೆಯ ಪಟ್ಟಿ ಸಡಿಲ, ಎದೆಯ ಕ್ಲಿಪ್ ಬಿಚ್ಚಿದ್ದು, ಒಮ್ಮೊಮ್ಮೆ ಹುಕ್ಕಿನ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಮಿಕ್ಕವರು ಹುಡುಕಬೇಕು. ಹೊಸದಾಗಿ ಬಂದವನು ಮೊದಲು ಹೇಳಬೇಕು. ಏಣಿ ಹಾಕಿದ್ದರೆ ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಗಿದೆಯಾ ಅಂತ ಅಳೆಸುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ಇವತ್ತು ಒಬ್ಬ ಬಿದ್ದು ಬೆಲ್ಟಿನಲ್ಲಿ ನೇತಾಡುತ್ತಿದ್ದರೆ ಇಳಿಸುವವರು ಯಾರು, ಯಾವ ಏಣಿಯಲ್ಲಿ? ಬೆಲ್ಟಿನಲ್ಲಿ ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. 112ಕ್ಕೆ ಫೋನ್ ಮಾಡಬೇಕು ನಿಜ, ಆದರೆ ನಮ್ಮ ಟ್ರಾಫಿಕ್‌ನಲ್ಲಿ ಅವರು ಬರುವವರೆಗೆ ಸುಮ್ನೆ ನೋಡುತ್ತಾ ನಿಲ್ಲಲು ಆಗುತ್ತಾ? ಮೊದಲ ಸೋಮವಾರ ಈ ಪ್ರಶ್ನೆ ಕೇಳಿದಾಗ ಹನ್ನೆರಡು ಜನರೂ ನನ್ನ ಮುಖ ನೋಡಿದರು.

ಅಕ್ಕನ ಮಗ ವಾಪಸ್ ಬಂದಿದ್ದಾನೆ. ಚಳಿ ಬಿದ್ದರೆ ಕುಂಟುತ್ತಾನೆ. ಎತ್ತರಕ್ಕೆ ನಾನು ಹತ್ತಿಸುವುದಿಲ್ಲ, ಅವನೂ ಕೇಳುವುದಿಲ್ಲ. ಅವನೇ ಒಂದು ಉಪಾಯ ಮಾಡಿದ. ಗೋಡೆ ನೆಟ್ಟಗಿದೆಯಾ ಅಂತ ನೋಡುವ ನನ್ನ ತೂಕದ ಗುಂಡಿನ ದಾರ ತೆಗೆದುಕೊಂಡು ಗುಂಡಿನಿಂದ 20 ಅಡಿಗೆ ಒಂದು ಗಂಟು ಹಾಕಿದ. ಹುಕ್ ಹಾಕುವ ಜಾಗದಲ್ಲಿ ಗಂಟು ಹಿಡಿದು ಗುಂಡನ್ನು ಕೆಳಗೆ ಬಿಡುವುದು. ಗುಂಡು ಗಾಳಿಯಲ್ಲೇ ನಿಂತರೆ ಸರಿ. ನೆಲಕ್ಕೋ ಸಜ್ಜಾಕ್ಕೋ ತಾಗಿ ದಾರ ಸಡಿಲವಾದರೆ ಅಲ್ಲಿ ಈ ಹಗ್ಗ ಬೇಡ, ಬೇರೆ ದಾರಿ ನೋಡಬೇಕು. ಓದು ಬಾರದವನಿಗೂ, ಕನ್ನಡ ಬಾರದವನಿಗೂ ತಿಳಿಯುತ್ತೆ. ಆ ದಾರ ಈಗ ಗೋಡೆಯ ತೂಕ ನೋಡುವುದಕ್ಕಿಂತ ಇದಕ್ಕೇ ಜಾಸ್ತಿ ಓಡಾಡುತ್ತಿದೆ.

ನಿಮ್ಮ ಹತ್ತಿರ ಒಂದು ಬೇಡಿಕೆ. ಜೂನ್‌ನಲ್ಲಿ ಮಳೆ ಶುರುವಾಗುವ ಮೊದಲ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಅಂಗೈಯಗಲದ ಜಾಗ ಕೊಡಿ. ಅಕ್ಷರ ಜಾಸ್ತಿ ಬೇಡ. ಹುಕ್ ತಲೆಯ ಮೇಲಿರುವ ಒಂದು ಚಿತ್ರ, ಹುಕ್ ಕಾಲ ಹತ್ತಿರ ಇರುವ ಇನ್ನೊಂದು ಚಿತ್ರ, ಎರಡನೆಯದಕ್ಕೆ ಕೆಂಪು ಗೀಟು. ಅಳತೆ ಬರೆಯುವಾಗ ಅಡಿಯಲ್ಲೇ ಬರೆಯಿರಿ, ಮೀಟರ್ ಬೇಡ. ಸೈಟಿನ ಗೋಡೆಗೆ ಅಂಟಿಸುವುದು ನನ್ನ ಜವಾಬ್ದಾರಿ, ನಮ್ಮ ಏರಿಯಾದ ಹತ್ತು ಸೈಟಿಗಾದರೂ ಅಂಟಿಸುತ್ತೇನೆ. ಮೈದಾ ಅಂಟು ಮನೆಯಲ್ಲೇ ಕಾಯಿಸಿಕೊಳ್ಳುತ್ತೇನೆ.

ಇಂತಿ,
ಒಬ್ಬ ಗಾರೆ ಮೇಸ್ತ್ರಿ
ಸುಂಕದಕಟ್ಟೆ, ಬೆಂಗಳೂರು